ದಿಂಬು ಎಷ್ಟು ಎಂದು ಸಿಸ್ಟರ್ ಕೇಳಿದರೆ ನಗಬೇಡಿ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಹೀಗೆ ಎಲ್ಲೇ ಆಗಲಿ, ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ವೈದ್ಯಕೀಯ ಶಿಬಿರಕ್ಕೆ ಒಂದು ಸ್ಥಾನ ಇದ್ದೇ ಇರುತ್ತದೆ. ಶಿಬಿರದಲ್ಲಿ ತಜ್ಞ ವೈದ್ಯರ ಮೇಜಿನ ಎದುರು ಉದ್ದನೆಯ ಸಾಲು ಕಾಣಸಿಗುತ್ತದೆ. ಆದರೆ ಅದಕ್ಕೂ ಮೊದಲು ಸಿಗುವ ಮೇಜಿನಲ್ಲಿ ರಕ್ತದೊತ್ತಡದ ಯಂತ್ರ ಇಟ್ಟುಕೊಂಡು ಕುಳಿತ ಸಿಸ್ಟರ್ ಎದುರು ನಮ್ಮವರಿಗೆ ಎಲ್ಲಿಲ್ಲದ ಅವಸರ. "ಬೇಗ ನೋಡಿ ಸಿಸ್ಟರ್, ಡಾಕ್ಟರರನ್ನು ಕಾಣಬೇಕು" ಎನ್ನುತ್ತಾ ಕುರ್ಚಿಯ ತುದಿಯಲ್ಲಿ ಕುಳಿತು, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಕಟ್ಟಿಸಿಕೊಂಡು, ಪಕ್ಕದವರೊಡನೆ ಮಾತಾಡುತ್ತಾ ಎದ್ದು ಹೋಗುವವರೇ ಹೆಚ್ಚು. ಸಿಸ್ಟರ್ ಒಂದೆರಡು ಪ್ರಶ್ನೆ ಕೇಳಿದರೆ "ಏನಿಲ್ಲ, ಸ್ವಲ್ಪ ಗ್ಯಾಸ್" ಎಂಬುದು ಸಿದ್ಧ ಉತ್ತರ.

ಹೃದಯದ ಮೊದಲ ತಪಾಸಣೆ ನಡೆಯುವುದು ಆ ಮೊದಲ ಮೇಜಿನಲ್ಲೇ. ಇದು ಬಹಳ ಮಂದಿಗೆ ತಿಳಿದಿಲ್ಲ. ಶಿಬಿರ ಇರಲಿ, ಆಸ್ಪತ್ರೆಯ ತುರ್ತು ವಿಭಾಗ ಇರಲಿ, ರೋಗಿಯ ಬಳಿಗೆ ಸಾಮಾನ್ಯವಾಗಿ ಮೊದಲು ಬರುವವರು ದಾದಿಯರು. ಅವರು ನೋಡುವ, ಕೇಳುವ, ಮುಟ್ಟುವ, ಆಲಿಸುವ ಒಂದೊಂದು ಕ್ರಮಕ್ಕೂ ಕಾರಣವಿದೆ. ಆ ಕಾರಣ ತಿಳಿದುಕೊಂಡರೆ ಕೊಡುವ ಉತ್ತರವೂ ಸರಿಯಾಗುತ್ತದೆ.

ಒಂದು ಮನೆಯ ಚಿತ್ರ

ವರ್ತಕ ನಗರದ ಹಳೆಯ ಮ್ಹಾಡಾ ವಸಾಹತಿನ, ಲಿಫ್ಟ್ ಇಲ್ಲದ ಕಟ್ಟಡವೊಂದರ ಮೂರನೇ ಮಾಳಿಗೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಅದು ಯಾರ ಮನೆಯೂ ಆಗಬಹುದು. ಯಜಮಾನರು ಕುಂದಾಪುರದ ಕಡೆಯವರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವಯಸ್ಸು ಅರುವತ್ತೇಳು, ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ಇತ್ತೀಚೆಗೆ ಬಜಾರಿನಿಂದ ಬರುವಾಗ ಮೊದಲ ಮಾಳಿಗೆಯಲ್ಲಿ ಒಮ್ಮೆ, ಎರಡನೆಯದರಲ್ಲಿ ಒಮ್ಮೆ ನಿಲ್ಲುತ್ತಾರೆ. ನೆರೆಮನೆಯವರು ಕಂಡರೆ ಚೀಲ ಭಾರ ಎನ್ನುತ್ತಾರೆ. ಸಂಜೆಗೆ ಚಪ್ಪಲಿಯ ಪಟ್ಟಿ ಕಾಲಿಗೆ ಅಚ್ಚೊತ್ತುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿಯ ಬಳಿ ಕೂರುತ್ತಾರೆ.

ಒಂದು ದಿನ ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಸಿಸ್ಟರ್ ಮರಾಠಿಯಲ್ಲಿ ಕೇಳುತ್ತಾರೆ, ಮಗ ಅನುವಾದಿಸುತ್ತಾನೆ. ತಂದೆ ಹೇಳಿದ ಹತ್ತು ಮಾತು ಮಗನ ಬಾಯಲ್ಲಿ "ಗ್ಯಾಸ್ ಝಾಲಾ ಆಹೇ" ಎಂಬ ಒಂದೇ ಮಾತಾಗುತ್ತದೆ. ಆಗ ಸಿಸ್ಟರ್ ಕೇಳುತ್ತಾರೆ: "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?" ತಂದೆ, ಮಗ ಇಬ್ಬರಿಗೂ ನಗು. ಹಿಂದೆ ನಿಂತಿದ್ದ ಮನೆಯಾಕೆ ಮಾತ್ರ ನಗುವುದಿಲ್ಲ. "ಸಿಸ್ಟರ್, ಮೊದಲು ಒಂದು ಇತ್ತು. ದೀಪಾವಳಿಯಿಂದ ಮೂರು. ಈಗ ಅದೂ ಸಾಲುವುದಿಲ್ಲ, ಇವರು ಕೂತುಕೊಂಡೇ ಬೆಳಗು ಮಾಡುವುದು."

ಅಲ್ಲಿಗೆ ಗ್ಯಾಸಿನ ಕಥೆ ಮುಗಿಯುತ್ತದೆ. ಹೃದಯ ಸೋತಾಗ ರಕ್ತವನ್ನು ಪೂರ್ತಿಯಾಗಿ ಮುಂದೂಡಲಾರದು. ಹಿಂದೆ ಉಳಿದ ಒತ್ತಡದಿಂದ ಶ್ವಾಸಕೋಶದಲ್ಲಿ ನೀರಿನಂಶ ತುಂಬುತ್ತದೆ. ಚಪ್ಪಟೆಯಾಗಿ ಮಲಗಿದರೆ ಕಾಲು, ಹೊಟ್ಟೆಯ ಕಡೆಯ ರಕ್ತವೂ ಎದೆಯತ್ತ ಬಂದು ಉಸಿರು ಕಟ್ಟುತ್ತದೆ. ಎದ್ದು ಕುಳಿತರೆ ಹಗುರಾಗುತ್ತದೆ. ದಿಂಬಿನ ಸಂಖ್ಯೆ ಏರುತ್ತಾ ಹೋದುದು ಹೃದಯದ ಶಕ್ತಿ ಇಳಿಯುತ್ತಾ ಬಂದುದರ ಲೆಕ್ಕವಾಗಿರಬಹುದು. ಖರ್ಚಿಲ್ಲದೆ, ಯಂತ್ರವಿಲ್ಲದೆ ಸಿಗುವ ಲೆಕ್ಕ ಅದು.

ಬಾಗಿಲಲ್ಲೇ ಆರಂಭ

ಅನುಭವಿ ದಾದಿಯ ತಪಾಸಣೆ ಮಾತಿಗಿಂತ ಮೊದಲೇ ಆರಂಭವಾಗಿರುತ್ತದೆ. ರೋಗಿ ಹೇಗೆ ನಡೆದು ಬಂದರು, ಕುಳಿತ ರೀತಿ ಹೇಗೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೋ ನಡುವೆ ನಿಲ್ಲುತ್ತಾರೋ, ಮುಖ ಬಿಳಿಚಿದೆಯೋ, ತುಟಿ ನೀಲಿಗಟ್ಟಿದೆಯೋ, ಫ್ಯಾನಿನ ಕೆಳಗೂ ತಣ್ಣನೆಯ ಬೆವರು ಇದೆಯೋ ಎಂದು ಕಣ್ಣು ಓಡಿಸುತ್ತಾರೆ. ಇವುಗಳಲ್ಲಿ ಅಪಾಯದ ಗುರುತು ಕಂಡರೆ ಪ್ರಶ್ನೆಗಳನ್ನು ಬದಿಗಿಟ್ಟು ವೈದ್ಯರನ್ನು ಕರೆಯುತ್ತಾರೆ.

ಎದೆನೋವಿನ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಯಾವಾಗ ಶುರುವಾಯಿತು, ಏನು ಮಾಡುತ್ತಿದ್ದಾಗ, ಹಿಂಡಿದಂತೆಯೋ ಚುಚ್ಚಿದಂತೆಯೋ ಉರಿದಂತೆಯೋ, ಎಡತೋಳು, ದವಡೆ, ಬೆನ್ನಿಗೆ ಹಬ್ಬುತ್ತದೆಯೋ, ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆಯೋ, ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ನೋವು ಎಷ್ಟು? ರೋಗಿ ಬಿಗಿ ಮುಷ್ಟಿಯನ್ನು ಎದೆಯ ನಡುವೆ ಇಟ್ಟು ತೋರಿಸಿದರೆ ಸಿಸ್ಟರ್ ಇನ್ನಷ್ಟು ಜಾಗೃತರಾಗುತ್ತಾರೆ. ಹೃದಯದ ನೋವನ್ನು ಜನ ಹಾಗೆ ತೋರಿಸುವುದುಂಟು ಎಂಬುದು ಅವರ ಪಾಠದಲ್ಲೇ ಇದೆ.

ಎದೆನೋವೇ ಇಲ್ಲದ ಹೃದಯಾಘಾತವೂ ಇದೆ ಎಂಬುದು ಮುಖ್ಯ ಸಂಗತಿ. ಬಹಳ ಕಾಲದ ಸಕ್ಕರೆ ಕಾಯಿಲೆಯವರಲ್ಲಿ ನರಗಳು ದುರ್ಬಲವಾಗಿ ನೋವು ಗೊತ್ತಾಗದಿರಬಹುದು. ಮಹಿಳೆಯರಲ್ಲೂ ವೃದ್ಧರಲ್ಲೂ ಅದು ಏದುಸಿರು, ವಾಕರಿಕೆ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನಿನ ನೋವಾಗಿ ಮಾತ್ರ ಕಾಣಿಸಿಕೊಳ್ಳಬಹುದು. ಮಗಳ ಮದುವೆಯ ಓಡಾಟದಲ್ಲಿ ಸುಸ್ತಾಯಿತು ಎಂದು ಅಡುಗೆ ಕೋಣೆಯಲ್ಲೇ ಸಹಿಸಿಕೊಳ್ಳುವ ತಾಯಂದಿರು ಇದನ್ನು ಅವಶ್ಯ ಗಮನಿಸಬೇಕು.

ಎಷ್ಟು ಮೆಟ್ಟಿಲು ಹತ್ತುತ್ತೀರಿ ಎಂಬ ಪ್ರಶ್ನೆಗೆ "ಆರಾಮಾಗಿ ಹತ್ತುತ್ತೇನೆ" ಎಂಬುದು ಉತ್ತರವಲ್ಲ. ಕಳೆದ ವರ್ಷ ಥಾಣೆ ಸ್ಟೇಷನ್ನಿನ ಸೇತುವೆಯನ್ನು ನಿಲ್ಲದೆ ಹತ್ತುತ್ತಿದ್ದೆ, ಈಗ ನಡುವೆ ಒಮ್ಮೆ ನಿಲ್ಲುತ್ತೇನೆ ಎಂಬುದು ಉತ್ತರ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆಯೇ ಎಂದು ಕೇಳಿದರೆ ಅದು ಕಾಲಿನ ರಕ್ತನಾಳ ಕಿರಿದಾಗಿದೆಯೇ ಎಂದು ತಿಳಿಯಲು. ತಂದೆಗೆ 55 ವರ್ಷದೊಳಗೆ, ತಾಯಿಗೆ 65ರೊಳಗೆ ಹೃದಯಾಘಾತ ಆಗಿತ್ತೇ ಎಂಬುದು ಮನೆತನದ ಅಪಾಯವನ್ನು ಅಳೆಯಲು. ತಂಬಾಕು ಇದೆಯೇ ಎಂದರೆ ಬೀಡಿ, ಸಿಗರೇಟು, ಗುಟ್ಕಾ ಮಾತ್ರವಲ್ಲ, ಊರಿನ ಹಿರಿಯ ಹೆಂಗಸರು ವೀಳ್ಯದೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪೂ ಲೆಕ್ಕಕ್ಕೆ ಬರುತ್ತದೆ.

ಬೆರಳಿನ ತುದಿಯ ವಿದ್ಯೆ

ಆರೋಗ್ಯವಂತನ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿದರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಒಮ್ಮೆಗೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಐದು ಲೀಟರ್ ರಕ್ತ ಹೊರಬೀಳುತ್ತದೆ. ಇಷ್ಟು ದೊಡ್ಡ ವಹಿವಾಟಿನ ಸುದ್ದಿ ಮಣಿಕಟ್ಟಿನಲ್ಲಿ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಾಡಿ 60ರಿಂದ 100ರೊಳಗೆ ಇರಬೇಕು. ದಾದಿ ಎಣಿಕೆಯ ಜೊತೆಗೆ ಲಯವನ್ನೂ ಬಲವನ್ನೂ ನೋಡುತ್ತಾರೆ. ಬಡಿತ ತಪ್ಪುತ್ತಿದೆ ಎನಿಸಿದರೆ ಅರ್ಧ ನಿಮಿಷದ ಎಣಿಕೆಯನ್ನು ಇಮ್ಮಡಿಗೊಳಿಸುವುದಿಲ್ಲ, ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಕೆಲವೊಮ್ಮೆ ಇಬ್ಬರು ದಾದಿಯರು ಒಂದೇ ಗಡಿಯಾರ ನೋಡುತ್ತಾ ಒಬ್ಬರು ಎದೆಯ ಬಡಿತವನ್ನೂ ಇನ್ನೊಬ್ಬರು ಮಣಿಕಟ್ಟಿನ ನಾಡಿಯನ್ನೂ ಏಕಕಾಲಕ್ಕೆ ಎಣಿಸುವುದುಂಟು. ಎರಡೂ ತಾಳೆಯಾಗದಿದ್ದರೆ, ಹೃದಯದ ಕೆಲವು ಬಡಿತಗಳು ಕೈವರೆಗೆ ತಲುಪುತ್ತಿಲ್ಲವೆಂದು ಅರ್ಥ.

ಪಾದದ ಮೇಲೆ ಬೆರಳಿಟ್ಟು ನೋಡುವುದು ಅಲ್ಲಿಗೆ ರಕ್ತ ಹೋಗುತ್ತಿದೆಯೇ ಎಂದು ತಿಳಿಯಲು. ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಹೋಗಿ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಇದನ್ನು ನೋಡಲಾಗುವುದಿಲ್ಲ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರವೂ ತಪ್ಪು ಲೆಕ್ಕ ತೋರಿಸಬಹುದು.

ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ತೆಗೆದಾಗ ಗುಳಿ ಉಳಿದರೆ ಅದು ನೀರು ತುಂಬಿದ ಊತ. ಎರಡೂ ಕಾಲಿನಲ್ಲಿ ಇದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ಕಡೆ ಗಮನ ಹೋಗುತ್ತದೆ. ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರುವ ಶಂಕೆ. ಅದನ್ನು ಎಣ್ಣೆ ಹಚ್ಚಿ ತಿಕ್ಕುವುದು ಅಪಾಯ. ಮಂಚದ ತಲೆಭಾಗವನ್ನು ಎತ್ತರಿಸಿ ಕುತ್ತಿಗೆಯ ಬದಿಯನ್ನು ದಿಟ್ಟಿಸುವುದು, ಅಲ್ಲಿನ ರಕ್ತನಾಳ ಎಷ್ಟು ಎತ್ತರಕ್ಕೆ ಉಬ್ಬಿದೆ ಎಂದು ನೋಡಲು. ಹೃದಯದ ಬಲಭಾಗದ ಒತ್ತಡವನ್ನು ಅದು ಸೂಜಿ ಚುಚ್ಚದೆಯೇ ಹೇಳುತ್ತದೆ.

ರಕ್ತದೊತ್ತಡಕ್ಕೆ ಐದು ನಿಮಿಷ

ಇಟಲಿಯ ರಿವಾ-ರೋಚಿ 1896ರಲ್ಲಿ ತೋಳಿಗೆ ಕಟ್ಟುವ ಪಟ್ಟಿಯ ಯಂತ್ರವನ್ನು ಬಳಕೆಗೆ ತಂದರು. ರಶ್ಯದ ವೈದ್ಯ ಕೊರೊಟ್ಕಾಫ್ 1905ರಲ್ಲಿ ಸ್ಟೆತೊಸ್ಕೋಪ್ ಇಟ್ಟು ಆಲಿಸಿ ಮೇಲಿನ, ಕೆಳಗಿನ ಎರಡೂ ಸಂಖ್ಯೆಗಳನ್ನು ಗುರುತಿಸುವ ಕ್ರಮ ತಿಳಿಸಿದರು. ನೂರು ವರ್ಷ ದಾಟಿದರೂ ಕ್ರಮ ಸರಳ. ಆದರೆ ತಪ್ಪು ಮಾಡುವುದು ಅದಕ್ಕಿಂತ ಸರಳ.

ಮೆಟ್ಟಿಲು ಹತ್ತಿ ಬಂದೊಡನೆ ನೋಡಬಾರದು, ಐದು ನಿಮಿಷ ಸುಮ್ಮನೆ ಕೂರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಕಾಫಿ, ಚಹಾ, ಬೀಡಿ, ಸಿಗರೇಟು ಬೇಡ. ಬೆನ್ನಿಗೆ ಆಧಾರವಿರಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಪಟ್ಟಿ ಬರಿಯ ತೋಳಿಗೆ ಕಟ್ಟಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇದ್ದುದಕ್ಕಿಂತ ಹೆಚ್ಚು ತೋರುತ್ತದೆ. ನಡುವೆ ಮಾತು ಬೇಡ. ಮೊದಲ ಬಾರಿ ಎರಡೂ ತೋಳುಗಳಲ್ಲಿ ನೋಡುವುದು ಒಳ್ಳೆಯದು. ವ್ಯತ್ಯಾಸ 10ಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲಾಗುವವರಿಗೆ ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡುತ್ತಾರೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯ ಇದೆ.

ಒಂದೇ ಸಲದ ಸಂಖ್ಯೆಯಿಂದ ತೀರ್ಮಾನಕ್ಕೆ ಬರಲಾಗದು. ಪಾಸ್‌ಬುಕ್ಕಿನ ಒಂದು ನಮೂದನ್ನು ನೋಡಿ ಯಾರೂ ಖಾತೆದಾರನ ಸ್ಥಿತಿ ಹೇಳುವುದಿಲ್ಲ. ತಿಂಗಳ ಜಮಾ, ಖರ್ಚು ಎರಡೂ ಕಾಣಬೇಕು. ಆಸ್ಪತ್ರೆಯಲ್ಲಿ ಒಂದು ಪಾಳಿಯ ದಾದಿ ಇನ್ನೊಂದು ಪಾಳಿಯವರಿಗೆ ಚಾರ್ಟ್ ಒಪ್ಪಿಸುವುದರ ಗುಟ್ಟು ಇದೇ. ಬೆಳಿಗ್ಗೆ 84 ಇದ್ದ ನಾಡಿ ಸಂಜೆ 112 ಆಗಿದೆ, ಮೂತ್ರದ ಪ್ರಮಾಣ ಇಳಿದಿದೆ, ಪಾದ ತಣ್ಣಗಾಗಿದೆ ಎಂಬ ಮೂರು ಸಾಲು ರೋಗಿ ಕುಸಿಯುವ ಮೊದಲೇ ಎಚ್ಚರಿಕೆ ನೀಡಬಹುದು. ರೋಗ ನಿರ್ಣಯ ವೈದ್ಯರದ್ದು. ಆದರೆ ಬದಲಾವಣೆಯನ್ನು ಮೊದಲು ಕಾಣುವ ಕಣ್ಣು ಹಲವು ವೇಳೆ ದಾದಿಯದ್ದು ಎಂದರೆ ಅತಿಶಯೋಕ್ತಿಯಾಗದು.

ಆಲಿಸುವ ಕಿವಿ, ಹತ್ತು ನಿಮಿಷದ ಇಸಿಜಿ

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಅವರು ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಬಡಿತ ಆಲಿಸಿದ್ದು ಸ್ಟೆತೊಸ್ಕೋಪಿನ ಹುಟ್ಟಿಗೆ ಕಾರಣವಾಯಿತು. ತರಬೇತಾದ ದಾದಿ ಅದನ್ನು ಎದೆಯ ಒಂದೇ ಕಡೆ ಇಟ್ಟು ಬಿಡುವುದಿಲ್ಲ. ನಾಲ್ಕು ಕವಾಟಗಳ ಸದ್ದು ಚೆನ್ನಾಗಿ ಕೇಳುವ ಜಾಗಗಳನ್ನು ಒಂದೊಂದಾಗಿ ಆಲಿಸುತ್ತಾರೆ. 'ಲಬ್-ಡಬ್' ನಡುವೆ ಹರಿಯುವ ನೀರಿನಂತಹ ಸದ್ದು ಕೇಳಿದರೆ ಕವಾಟದ ದೋಷವಿರಬಹುದು. ಮೂರನೆಯ ಸದ್ದೊಂದು ಸೇರಿಕೊಂಡರೆ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯ ಸೋಲುತ್ತಿರಬಹುದು. ಬೆನ್ನಿನ ಕೆಳಭಾಗದಲ್ಲಿ ಚಟಚಟ ಸದ್ದು ಬಂದರೆ ಶ್ವಾಸಕೋಶದಲ್ಲಿ ನೀರು ನಿಂತಿರಬಹುದು. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಊತ ಬಂದಿತ್ತೇ ಎಂದು ಕೇಳುವುದಕ್ಕೂ ಕಾರಣವಿದೆ. ಆ ಬಗೆಯ ಸಂಧಿವಾತ ಜ್ವರ ವರ್ಷಗಳ ಬಳಿಕ ಕವಾಟವನ್ನು ಕೆಡಿಸಬಲ್ಲುದು.

ಎದೆನೋವಿನಿಂದ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಜಗತ್ತಿನ ಹೃದ್ರೋಗ ಸಂಸ್ಥೆಗಳು ಒಪ್ಪಿದ ನಿಯಮ. ಹಲವೆಡೆ ಅದನ್ನು ತೆಗೆಯುವವರು ದಾದಿಯರೇ. ಊರಿನ ಕಡೆ ಇದರ ಬೆಲೆ ಈಗ ಎಲ್ಲರಿಗೂ ಗೊತ್ತಾಗಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಎಟ್ ಡೋರ್‌ಸ್ಟೆಪ್' ಯೋಜನೆಯ ಮೂಲಕ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಲಾಯಿತು. ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಮೂಲಕ ತಜ್ಞರು ನೋಡಿ ಸಲಹೆ ನೀಡುವ ಶ್ಲಾಘನೀಯ ಕಾರ್ಯ ಅದು. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹಠಾತ್ ನಿಧನರಾದಾಗ ಕನ್ನಡಿಗರೆಲ್ಲರ ಎದೆ ನಡುಗಿತ್ತು. ಅವರ ಹೆಸರಿನಲ್ಲೇ ಕರ್ನಾಟಕ ಸರಕಾರ 2023ರಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ ಇದು. ಊರಿನಲ್ಲಿ ತಂದೆ ತಾಯಿಯರನ್ನು ಬಿಟ್ಟು ಬಂದವರು ಈ ಸೌಲಭ್ಯ ತಮ್ಮೂರಿನ ಸಮೀಪ ಎಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಸೂಕ್ತ.

ಭಾಷೆಯ ತೊಡಕು

ಕರ್ಮಭೂಮಿಯ ಆಸ್ಪತ್ರೆಗಳಲ್ಲಿ ದಾದಿಯರು ಮರಾಠಿ, ಮಲಯಾಳ, ಹಿಂದಿ ಮಾತಾಡುವವರು. ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ಕನ್ನಡ ಅಥವಾ ತುಳು ಮಾತ್ರ ಗೊತ್ತು. ಆಕೆ "ತಿಗಲೆ ಬೇನೆ" ಎಂದರೆ ಎದೆನೋವು ಎಂದು ಸಿಸ್ಟರ್‌ಗೆ ತಿಳಿಯುವುದು ಹೇಗೆ? ಜೊತೆಗೆ ಹೋದವರು ಅವಸರದಲ್ಲಿ ಮಾತನ್ನು ಮೊಟಕುಗೊಳಿಸಿದರೆ ರೋಗದ ಸುಳಿವೇ ಮೊಟಕಾಗುತ್ತದೆ.

ಒಂದು ಉದಾಹರಣೆ ಸಾಕು. ಏದುಸಿರು ಬರುತ್ತದೆ ಎನ್ನಲು ಮರಾಠಿಯಲ್ಲಿ "ದಮ್ ಲಾಗ್ತೋ" ಎನ್ನಬೇಕು. "ದಮಾ ಆಹೇ" ಎಂದರೆ ಅಸ್ತಮಾ ಇದೆ ಎಂದಾಗುತ್ತದೆ. ಒಂದಕ್ಷರದ ವ್ಯತ್ಯಾಸದಲ್ಲಿ ಹೃದಯದ ದೂರು ಶ್ವಾಸಕೋಶದ ಖಾತೆಗೆ ಜಮಾ ಆಗಿಬಿಡಬಹುದು. ಎದೆ ಹಿಂಡಿದಂತಾಗುತ್ತದೆ ಎನ್ನಲು "ಛಾತೀತ್ ಆವಳಲ್ಯಾಸಾರಖಂ ವಾಟತಂ", ಎದೆ ಡವಡವ ಎನ್ನುತ್ತದೆ ಎನ್ನಲು "ಛಾತೀತ್ ಧಡಧಡತಂ", ತಲೆ ತಿರುಗುತ್ತದೆ ಎನ್ನಲು "ಚಕ್ಕರ್ ಯೇತೇ", ಕಾಲು ಊದಿದೆ ಎನ್ನಲು "ಪಾಯಾಂನಾ ಸೂಜ್ ಆಲೀ". ಈ ನಾಲ್ಕೈದು ಮಾತುಗಳನ್ನು ಫೋನಿನ ಬಳಿಯ ಗೋಡೆಗೆ ಅಂಟಿಸಿಟ್ಟರೆ ನಷ್ಟವೇನೂ ಇಲ್ಲ. ಅನುವಾದಿಸುವವರು ತಮ್ಮ ಅಭಿಪ್ರಾಯ ಸೇರಿಸದೆ, ರೋಗಿ ಹೇಳಿದ್ದನ್ನಷ್ಟೇ ಹೇಳಬೇಕು.

ಮಾತ್ರೆಗಳ ವಿಷಯದಲ್ಲೂ "ಬೆಳಿಗ್ಗೆ ಒಂದು ಬಿಳಿ, ರಾತ್ರಿ ಒಂದು ಗುಲಾಬಿ" ಎಂದರೆ ಪ್ರಯೋಜನವಿಲ್ಲ. ಪಟ್ಟಿಗಳನ್ನೇ ಚೀಲದಲ್ಲಿ ಒಯ್ಯಬೇಕು. ನಾಡಿ ನಿಧಾನವಾಗಿರುವುದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಎಂದು ತಿಳಿಯುವುದು ಅದರಿಂದಲೇ. ಊರಿನ ಕಷಾಯ, ಗುಳಿಗೆ ಇದ್ದರೆ ಅದನ್ನೂ ಹೇಳಬೇಕು. ಗಂಡಸರು ನಾಚಿಕೆಯಿಂದ ಮುಚ್ಚಿಡುವ, ಪುರುಷತ್ವಕ್ಕೆಂದು ತೆಗೆದುಕೊಳ್ಳುವ ಮಾತ್ರೆಯನ್ನಂತೂ ಹೇಳಲೇಬೇಕು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಮಾತ್ರೆ ಅದರೊಂದಿಗೆ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.

ಸಂಘಗಳು ಏನು ಮಾಡಬಹುದು?

ಮುಂದಿನ ಶಿಬಿರದಲ್ಲಿ ರಕ್ತದೊತ್ತಡದ ಮೇಜಿನ ಮೊದಲು ಐದಾರು ಕುರ್ಚಿ ಹಾಕಿ, ಐದು ನಿಮಿಷ ಕೂರಿಸಿ ಕಳುಹಿಸುವ ವ್ಯವಸ್ಥೆಗೆ ಖರ್ಚಿಲ್ಲ. ಕನ್ನಡ, ತುಳು, ಮರಾಠಿ ಮೂರೂ ಬಲ್ಲ ಸದಸ್ಯರಿಬ್ಬರನ್ನು ಸಿಸ್ಟರ್ ಪಕ್ಕ ಕೂರಿಸಬಹುದು. ಸಮಾಜದಲ್ಲಿ ನಿವೃತ್ತ ದಾದಿಯರಿದ್ದರೆ ಶಾಲು ಹೊದಿಸಿ ಸನ್ಮಾನಿಸುವುದರ ಜೊತೆಗೆ, ಮಹಿಳಾ ವಿಭಾಗದ ಸಭೆಯಲ್ಲಿ ಅವರಿಂದ ಒಂದು ಗಂಟೆಯ ಪಾಠ ಏರ್ಪಡಿಸಬಹುದು. ಒಂಟಿಯಾಗಿರುವ ಹಿರಿಯರೊಡನೆ ಆಸ್ಪತ್ರೆಗೆ ಹೋಗಲು ಒಪ್ಪುವ ಯುವಕರ ಪಟ್ಟಿ ಕಾರ್ಯದರ್ಶಿಗಳ ಬಳಿ ಇದ್ದರೆ ಇನ್ನೂ ಉತ್ತಮ.

ಎದೆಯಲ್ಲಿ ಹಿಂಡಿದಂತಹ ನೋವು, ತಣ್ಣನೆಯ ಬೆವರು, ಹಠಾತ್ ಏದುಸಿರು ಬಂದರೆ ಶಿಬಿರದ ಭಾನುವಾರಕ್ಕೆ ಕಾಯಬಾರದು. ಸೋಡಾ ಕುಡಿದು ನೋಡೋಣ ಎನ್ನಬಾರದು, ಮೆಟ್ಟಿಲಿಳಿದು ರಿಕ್ಷಾ ಹುಡುಕಬಾರದು. ಮಹಾರಾಷ್ಟ್ರದಲ್ಲಿ 2014ರಿಂದ, ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಯ ಆಂಬುಲೆನ್ಸ್ ಸೇವೆ ಇದೆ. ಮೊದಲು ಆ ಕರೆ ಹೋಗಬೇಕು.

ಮೂರನೇ ಮಾಳಿಗೆಯ ಆ ಮನೆಗೆ ಮರಳುವುದಾದರೆ, ಅಂತಹ ರೋಗಿಯ ಚಿಕಿತ್ಸೆ ಮನೆಯಲ್ಲಿ ಮುಂದುವರಿಯುತ್ತದೆ. ಬೆಳಿಗ್ಗೆ ಶೌಚದ ಬಳಿಕ, ತಿಂಡಿಗೆ ಮೊದಲು ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಊಟದ ಕೊಬ್ಬಲ್ಲ, ದೇಹದಲ್ಲಿ ನಿಂತ ನೀರಿರಬಹುದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ ದೂರವಿಡಬೇಕು. ಮುಂದಿನ ಭೇಟಿಯಲ್ಲಿ ಸಿಸ್ಟರ್ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಆಗ ಮಗ ನಗದೆ, ತಾಯಿಯ ಕಡೆ ತಿರುಗಿ ಕೇಳಿ ಉತ್ತರ ಹೇಳಬೇಕು. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ದಿಂಬು ಇಳಿದರೆ ಅದಕ್ಕಿಂತ ಶುಭ ಸಮಾಚಾರ ಆ ಮನೆಗೆ ಬೇರೆ ಬೇಕಿಲ್ಲ.